ವೈನ್ ಶಾಪ್ ಮುಂದಿನ ಗಲಾಟೆ: ಗ್ಲಾಸು, ನೀರು, ಕಟ್ಟೆ ಮೂರನ್ನೂ ಮೊದಲು ನಿಲ್ಲಿಸಿ

ಪ್ರಶ್ನೆ: ಕಲಬುರಗಿಯ ರಿಂಗ್ ರೋಡ್ ಹತ್ತಿರದ ಬಡಾವಣೆ ನಮ್ಮದು. ಮುಖ್ಯರಸ್ತೆಗೆ ಒಂದು ವೈನ್ ಶಾಪ್ ಇದೆ, ನಾಲ್ಕು ಅಂಗಡಿ ಬಿಟ್ಟು ಒಂದು ಬಾರ್. ಸಂಜೆ ಏಳಾಯ್ತೆಂದರೆ ವೈನ್ ಶಾಪಿನ ಕಟ್ಟೆ, ಪಕ್ಕದ ಖಾಲಿ ಪ್ಲಾಟು ಕುಡಿಯುವವರಿಂದ ತುಂಬಿಹೋಗುತ್ತದೆ. ಬಾಟಲಿ ಒಡೆಯುವುದು, ಬೈಗುಳ, ಆಗಾಗ ಹೊಡೆದಾಟ. ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ಹಿಂದಿನ ಓಣಿಯಿಂದ ಸುತ್ತು ಹಾಕಿ ಬರುತ್ತಾರೆ. ಪೊಲೀಸರು ಬಂದು ಓಡಿಸುತ್ತಾರೆ, ಅರ್ಧ ತಾಸಿಗೆ ಮತ್ತೆ ಅದೇ. ಮಾಲೀಕರು ‘ಅಂಗಡಿ ಹೊರಗಿನದು ನನ್ನ ಜವಾಬ್ದಾರಿ ಅಲ್ಲ’ ಅಂತಾರೆ. ಅಂಗಡಿಯನ್ನೇ ಎತ್ತಿಸಬೇಕೆಂದು ಓಣಿಯ ಕೆಲವರ ಹಠ. ಏನು ಮಾಡಿದರೆ ಉಪಯೋಗವಾದೀತು?

ಉತ್ತರ: ಅಂಗಡಿ ಎತ್ತಿಸಿ ಎಂಬ ಅರ್ಜಿಯಿಂದ ಶುರು ಮಾಡಬೇಡಿ. ಅದಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ. ಆದರೆ ಅದು ಕಡತ, ವಿಚಾರಣೆ, ಮೇಲ್ಮನವಿ ಅಂತ ಎಳೆಯುವ ಕೆಲಸ. ಅಲ್ಲಿಯವರೆಗೂ ನಿಮ್ಮ ಮಕ್ಕಳು ಸುತ್ತು ಹಾಕಿಯೇ ಬರಬೇಕಾಗುತ್ತದೆ. ನೀವು ಬರೆದಿರುವ ತೊಂದರೆಯ ಬಹುಪಾಲು ಹುಟ್ಟುತ್ತಿರುವುದು ಅಂಗಡಿಯ ಮುಂದೆಯೇ ಆರಾಮಾಗಿ ಕುಡಿಯಲು ಅನುಕೂಲ ಆಗಿರುವುದರಿಂದ. ಹಾಗೆ ಕುಡಿಯಲು ಮೂರು ವಸ್ತು ಬೇಕು: ಗ್ಲಾಸು, ನೀರು, ಕೂಡಲು ಜಾಗ. ಈ ಮೂರನ್ನು ಯಾರು ಒದಗಿಸುತ್ತಿದ್ದಾರೆಂದು ಪತ್ತೆ ಮಾಡಿ ಒಂದೊಂದಾಗಿ ತಪ್ಪಿಸಿದರೆ ಗಿರಾಕಿ ಬಾಟಲಿ ಜೇಬಿಗಿಟ್ಟು ಮನೆ ಕಡೆ ಹೊರಡುತ್ತಾನೆ. ಪೊಲೀಸರು ಓಡಿಸಿದಾಗ ಜನ ಹೋಗುತ್ತಾರೆ, ಈ ಮೂರು ಅಲ್ಲೇ ಉಳಿಯುತ್ತವೆ. ಅರ್ಧ ತಾಸಿಗೆ ಮತ್ತೆ ಅದೇ ಆಗುವುದು ಇದರಿಂದಲೇ.

ಮೊದಲು ಲೈಸೆನ್ಸಿನ ವ್ಯತ್ಯಾಸ ತಿಳಿದಿರಲಿ, ದೂರು ಬರೆಯುವಾಗ ಅದರ ಮೇಲೆಯೇ ಎಲ್ಲ ನಿಂತಿದೆ. ವೈನ್ ಶಾಪ್ ಅಂದರೆ ಸಿಎಲ್-2. ಎಂಎಸ್‌ಐಎಲ್ ಮಳಿಗೆಯದು ಸಿಎಲ್-11ಸಿ. ಈ ಎರಡೂ ಕಡೆ ಸೀಲ್ ಮಾಡಿದ ಬಾಟಲಿ ಮಾರಿ ಕಳಿಸಬೇಕು ಅಷ್ಟೇ, ಅಲ್ಲಿ ಕುಡಿಸುವ ಹಾಗಿಲ್ಲ. ಬಾರ್ ಸಿಎಲ್-9, ಲಾಡ್ಜ್ ಜೊತೆಗಿದ್ದರೆ ಸಿಎಲ್-7. ಸಿಎಲ್-9 ಇರುವುದು ಊಟ-ತಿಂಡಿಯ ಜೊತೆ ಅಲ್ಲೇ ಕುಳಿತು ಕುಡಿಯಲು, ಬಾಟಲಿ ಪಾರ್ಸಲ್ ಕಟ್ಟಿಕೊಡಲು ಅಲ್ಲ. ಪ್ರತಿ ಲೈಸೆನ್ಸಿಗೂ ಚಕ್ಕುಬಂದಿ ತೋರಿಸಿದ ಒಪ್ಪಿತ ನಕ್ಷೆ ಇರುತ್ತದೆ. ಆ ಗೆರೆಯಾಚೆ ತಗಡಿನ ಶೆಡ್ಡು ಹೊಡೆದು ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರೆ ಷರತ್ತು ಉಲ್ಲಂಘನೆಗೆ ಅದೊಂದೇ ಸಾಕು. ನಿಮ್ಮ ಎರಡು ಅಂಗಡಿಗಳ ನಕ್ಷೆಯ ಪ್ರತಿಯನ್ನು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅಬಕಾರಿ ಉಪ ಆಯುಕ್ತರ ಕಚೇರಿಯಿಂದ ಕೇಳಿ. ಉತ್ತರಕ್ಕೆ ಕಾನೂನು ಕೊಟ್ಟಿರುವ ಗಡುವು 30 ದಿನ, ಆದ್ದರಿಂದ ಈ ಅರ್ಜಿ ಇವತ್ತೇ ಹೋಗಲಿ.

ಹೊಡೆದಾಟ ಯಾವಾಗ ಆಗುತ್ತದೆ, ಯಾಕೆ ಆಗುತ್ತದೆ ಅನ್ನುವುದಕ್ಕೆ ಲೆಕ್ಕ ಇದೆ. ಒಂದು ಕ್ವಾರ್ಟರ್ ಅಂದರೆ 180 ಮಿ.ಲೀ. ವಿಸ್ಕಿ, ಬ್ರಾಂಡಿ, ರಮ್ಮಿನಲ್ಲಿ ಮದ್ಯಸಾರ ಶೇ 42.8. ಅಂದರೆ ಒಂದು ಕ್ವಾರ್ಟರಿನಲ್ಲಿ ಸುಮಾರು 77 ಮಿ.ಲೀ., ತೂಕದಲ್ಲಿ 60 ಗ್ರಾಂ ಮದ್ಯಸಾರ. ಯಕೃತ್ತು ಅದನ್ನು ಕರಗಿಸುವುದು ತಾಸಿಗೆ ಏಳರಿಂದ ಹತ್ತು ಗ್ರಾಂ ಮಾತ್ರ. ಬಾರಿನಲ್ಲಿ ಕುಳಿತವನು ಅದನ್ನೇ ಒಂದೂವರೆ ತಾಸು ಊಟದ ಜೊತೆ ಕುಡಿಯುತ್ತಾನೆ. ಕಟ್ಟೆಯ ಹತ್ತಿರ ನಿಂತವನು ಪೊಲೀಸ್ ಜೀಪ್ ಬಂದೀತೆಂಬ ಅವಸರದಲ್ಲಿ ಹತ್ತು ನಿಮಿಷದಲ್ಲಿ, ಖಾಲಿ ಹೊಟ್ಟೆಗೆ, ಮುಕ್ಕಾಲು ಗ್ಲಾಸು ದಾರುವಿಗೆ ಕಾಲು ಗ್ಲಾಸು ನೀರು ಹಾಕಿ ಇಳಿಸುತ್ತಾನೆ. ಆ ಹೊತ್ತಿಗೆ ಅವನಿಗೆ ಏನೂ ಆಗಿರುವುದಿಲ್ಲ, ‘ಏರಿಲ್ಲ’ ಅಂತ ಇನ್ನೊಂದು ನೈಂಟಿ (90 ಮಿ.ಲೀ.) ತರುತ್ತಾನೆ. ರಕ್ತದಲ್ಲಿ ಅದು ಪೂರ್ತಿ ಏರಲು ಅರ್ಧದಿಂದ ಒಂದೂವರೆ ತಾಸು ಬೇಕು. ಹಾಗಾಗಿ ಏಳೂವರೆಗೆ ಕುಡಿದದ್ದರ ಜಗಳ ಎಂಟೂವರೆ, ಒಂಬತ್ತಕ್ಕೆ ಕಾಣಿಸುತ್ತದೆ. ಕಲಬುರಗಿಯ ಏಪ್ರಿಲ್-ಮೇ ಬಿಸಿಲಿನಲ್ಲಿ ದಿನವಿಡೀ ದುಡಿದು ನೀರಿಲ್ಲದೆ ಒಣಗಿದ ಮೈಗೆ ಇದು ಇನ್ನೂ ಜೋರಾಗಿ ತಟ್ಟುತ್ತದೆ. ಗಸ್ತು ಕೇಳುವಾಗ ‘ರಾತ್ರಿ ಗಸ್ತು ಹೆಚ್ಚಿಸಿ’ ಅನ್ನಬೇಡಿ. ಶನಿವಾರ ಬಟವಾಡೆಯ ದಿನ ಏಳರಿಂದ ಏಳೂವರೆಗೆ ಒಮ್ಮೆ, ಎಂಟೂವರೆಯಿಂದ ಒಂಬತ್ತರ ನಡುವೆ ಒಮ್ಮೆ ಬರಲಿ ಅಂತ ಕೇಳಿ. ಮೊದಲ ಭೇಟಿ ಕುಡಿಯುವುದನ್ನು ತಡೆಯುತ್ತದೆ, ಎರಡನೆಯದು ಜಗಳವನ್ನು.

ಈಗ ಆ ಮೂರು ವಸ್ತು. ಸಂಜೆ ಒಂದು ಸುತ್ತು ಹೋಗಿ ನೋಡಿದರೆ ಗ್ಲಾಸು ಎಲ್ಲಿಂದ ಬರುತ್ತಿದೆಯೆಂದು ತಿಳಿದುಬಿಡುತ್ತದೆ. ಕೌಂಟರಿನಲ್ಲೇ ಬಾಟಲಿ ಜೊತೆ ಒಂದು ಪ್ಲಾಸ್ಟಿಕ್ ಗ್ಲಾಸು, ಒಂದು ನೀರಿನ ಪಾಕೀಟು ಕೊಡುತ್ತಿದ್ದಾರೆ ಅಥವಾ ಪಕ್ಕದ ಪಾನ್ ಡಬ್ಬಿಯಲ್ಲಿ ಸಿಗುತ್ತಿದೆ. ಕೌಂಟರಿನಲ್ಲೇ ಕೊಡುತ್ತಿದ್ದರೆ ಮಾಲೀಕರ ‘ಹೊರಗಿನದು ನನ್ನದಲ್ಲ’ ಎಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ, ಯಾಕೆಂದರೆ ಸೀಲ್ ಬಾಟಲಿ ಮಾರುವ ಅಂಗಡಿಗೆ ಬಿಡಿ ಗ್ಲಾಸಿನ ಕೆಲಸವೇ ಇಲ್ಲ. ಸಾರ್ವಜನಿಕ ಜಾಗದಲ್ಲಿ ಕುಡಿಯಲು ಅನುವು ಮಾಡಿಕೊಡುವವರ ಮೇಲೆ ನಮ್ಮ ಠಾಣೆಗಳಲ್ಲಿ ಕರ್ನಾಟಕ ಅಬಕಾರಿ ಕಾಯ್ದೆ 1965ರ ಕಲಂ 15(ಎ), 32(3) ಅಡಿ ಪ್ರಕರಣ ದಾಖಲಾಗುವುದು ರೂಢಿಯಲ್ಲಿದೆ. ದೂರಿನಲ್ಲಿ ಗ್ಲಾಸು ಕೊಡುವುದನ್ನು ನೋಡಿದ ದಿನ, ಸಮಯ ಬರೆಯಿರಿ. ‘ಕುಡುಕರ ಹಾವಳಿ’ ಅಂತ ಬರೆದ ದೂರಿಗೆ ಪೊಲೀಸರು ಕುಡುಕರನ್ನು ಓಡಿಸುತ್ತಾರೆ. ‘ಇಂಥ ದಿನ 7:40ಕ್ಕೆ ಕೌಂಟರಿನಿಂದ ಗ್ಲಾಸು, ನೀರು ಕೊಟ್ಟರು’ ಅಂತ ಬರೆದ ದೂರಿಗೆ ಅಂಗಡಿಯವರೇ ಉತ್ತರ ಹೇಳಬೇಕಾಗುತ್ತದೆ.

ಕೂಡುವ ಜಾಗ ಸ್ವಲ್ಪ ಖರ್ಚಿನ ಕೆಲಸ, ಆದರೆ ಒಮ್ಮೆ ಮಾಡಿದರೆ ಮುಗಿಯಿತು. ನಮ್ಮ ಭಾಗದ ಅಂಗಡಿಗಳ ಮುಂದೆ ಶಹಾಬಾದ್ ಫರಸಿ ಹಾಸಿದ ಒಂದೂವರೆ ಅಡಿ ಎತ್ತರದ ಕಟ್ಟೆ ಇದ್ದೇ ಇರುತ್ತದೆ. ತಣ್ಣಗಿರುತ್ತದೆ, ಕೂಡಲು ಹೇಳಿ ಮಾಡಿಸಿದ ಎತ್ತರ. ಕೌಂಟರಿನ ಕಿಟಕಿ ಕೆಳಗೆ ಅದೇ ಕಲ್ಲಿನ ಹಲಗೆ ಒಂದಡಿ ಮುಂದೆ ಚಾಚಿದ್ದರೆ ಗ್ಲಾಸು ಇಡಲು ಮೇಜೂ ಆಯಿತು. ಆ ಹಲಗೆಯನ್ನು ನಾಲ್ಕು ಇಂಚಿಗೆ ಕತ್ತರಿಸಲಿ, ಅದಕ್ಕೆ ಮೂವತ್ತು-ನಲವತ್ತು ಡಿಗ್ರಿ ಇಳಿಜಾರು ಕೊಡಲಿ. ಕಟ್ಟೆ ರಸ್ತೆಯ ಜಾಗದಲ್ಲಿದ್ದರೆ ಮಹಾನಗರ ಪಾಲಿಕೆಯಿಂದ ತೆಗೆಸಿ. ಸ್ವಂತ ಜಾಗದಲ್ಲಿದ್ದರೆ ಅಂಚಿಗೆ ಪೈಪಿನ ರೇಲಿಂಗ್ ಹಾಕಿಸಿ. ಅದೇ ಪೈಪಿನಿಂದ ಕೌಂಟರಿಗೆ ಒಂದೇ ಸಾಲಿನ ಕಟಾಂಜನ ಮಾಡಿದರೆ ಇನ್ನೊಂದು ಉಪಯೋಗವಿದೆ: ನೂಕುನುಗ್ಗಲಿನಲ್ಲಿ ಹುಟ್ಟುವ ಜಗಳ ತಪ್ಪುತ್ತದೆ. ಎರಡೂವರೆ ಅಡಿ ಅಗಲ, ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ. ಅಗಲ ಇದಕ್ಕಿಂತ ಹೆಚ್ಚಾದರೆ ಇಬ್ಬರು ಅಕ್ಕಪಕ್ಕ ನಿಂತು ಸಾಲಿನ ಉದ್ದೇಶವೇ ಕೆಡುತ್ತದೆ. ಕೌಂಟರ್ ಜಗಳದ ಇನ್ನೊಂದು ಮೂಲ ರೇಟು ಮತ್ತು ಚಿಲ್ಲರೆ. ಎಂಆರ್‌ಪಿಗಿಂತ ಹತ್ತಿಪ್ಪತ್ತು ಜಾಸ್ತಿ ತೆಗೆದುಕೊಂಡರೆ ಅಥವಾ ಚಿಲ್ಲರೆ ಬದಲು ಕಡಲೆ ಪಾಕೀಟು ಕೈಗಿಟ್ಟರೆ ಕೂಗಾಟ ಖಚಿತ. ಹೆಚ್ಚು ಹೋಗುವ ಇಪ್ಪತ್ತು ಬ್ರ್ಯಾಂಡುಗಳ ದರಪಟ್ಟಿಯನ್ನು ದೊಡ್ಡಕ್ಷರದಲ್ಲಿ ಕಣ್ಣೆತ್ತರಕ್ಕೆ ಹಾಕಿ, ಎರಡು ಕಡೆ ಕ್ಯೂಆರ್ ಅಂಟಿಸಿದರೆ ಈ ಕಾರಣ ಹೋಗುತ್ತದೆ.

ಖಾಲಿ ಪ್ಲಾಟಿನದು ಬೇರೆ ಕೆಲಸ. ಅಂಗಡಿ ಮುಂದೆ ಕಟ್ಟುನಿಟ್ಟಾದ ಕೂಡಲೇ ಗುಂಪು ಪ್ಲಾಟಿಗೆ ಸರಿಯುತ್ತದೆ. ಹಾಗಾಗಿ ಎರಡೂ ಕೆಲಸ ಒಂದೇ ವಾರ ಆಗಬೇಕು, ಹಿಂದೆ ಮುಂದೆ ಮಾಡಿದರೆ ತೊಂದರೆ ಹತ್ತು ಮೀಟರ್ ಆಚೆ ಹೋಗಿ ನಿಮ್ಮ ಮನೆಗಳಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಜಾಲಿ ಕಂಟಿ ಬುಡಸಮೇತ ತೆಗೆಸಿ. ಮೇಲೆ ಕಡಿದರೆ ಒಂದು ಮಳೆಗೆ ಮತ್ತೆ ಚಿಗುರುತ್ತದೆ. ಪ್ಲಾಟಿನ ಮಾಲೀಕರು ಯಾರೆಂದು ಪಾಲಿಕೆಯ ಆಸ್ತಿ ದಾಖಲೆಯಲ್ಲಿ ಸಿಗುತ್ತದೆ, ಸ್ವಚ್ಛ ಮಾಡಿ ಬೇಲಿ ಹಾಕಲು ಅವರಿಗೆ ನೋಟಿಸು ಕೊಡುವಂತೆ ಪಾಲಿಕೆಗೆ ಬರೆಯಿರಿ. ಬೇಲಿ ತಂತಿಯದೋ ಜಾಳಿಗೆಯದೋ ಇರಲಿ, ಆಚೆಯಿಂದ ಈಚೆ ಕಾಣುವಂತಿರಲಿ. ಆರಡಿ ಕಲ್ಲಿನ ಗೋಡೆ ಕಟ್ಟಿದರೆ ಅದರ ಹಿಂದೆ ಇನ್ನೂ ನಿಶ್ಚಿಂತೆಯಿಂದ ಕೂಡುತ್ತಾರೆ. ಮಾಲೀಕರು ದೂರದೂರಿನಲ್ಲಿದ್ದರೆ ಓಣಿಯವರೇ ಅವರನ್ನು ಕೇಳಿ ಸಂಜೆ ಹುಡುಗರಿಗೆ ವಾಲಿಬಾಲ್ ಆಡಲು ಬಿಟ್ಟುಕೊಡಿಸಬಹುದು. ದಿನಾ ಬಳಕೆಯಲ್ಲಿರುವ ಜಾಗಕ್ಕೆ ಬಾಟಲಿ ಹಿಡಿದು ಬರುವವರು ಕಡಿಮೆ.

ದೀಪದ ವಿಷಯದಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ: ಒಂದು ದೊಡ್ಡ ಫ್ಲಡ್‌ಲೈಟ್ ತಂದು ರಸ್ತೆಗೆ ಮುಖ ಮಾಡಿ ಹಾಕುತ್ತಾರೆ. ಅದು ನಡೆದುಬರುವವರ ಕಣ್ಣು ಕುಕ್ಕುತ್ತದೆ, ಅದರ ಪಕ್ಕದ ಕತ್ತಲು ಇನ್ನೂ ಗಾಢವಾಗುತ್ತದೆ. ಒಂದು 200 ವ್ಯಾಟ್ ದೀಪದ ಬದಲು ಹದಿನೈದು-ಇಪ್ಪತ್ತು ಮೀಟರಿಗೊಂದರಂತೆ 30-40 ವ್ಯಾಟಿನ ಎಲ್‌ಇಡಿ ನಾಲ್ಕು, ಬೆಳಕು ನೆಲಕ್ಕೆ ಬೀಳುವ ಹಾಗೆ ಹಾಕಿಸಿ. ಪರೀಕ್ಷೆ ಸುಲಭ: ಹತ್ತು ಹೆಜ್ಜೆ ದೂರದಲ್ಲಿ ನಿಂತವರ ಮುಖ ಗುರುತು ಸಿಗಬೇಕು. ಸಿಗದಿದ್ದರೆ ಬೆಳಕು ಸಾಲದು ಅಥವಾ ಕೋನ ತಪ್ಪಿದೆ. ಹೆಣ್ಣುಮಕ್ಕಳು ಟ್ಯೂಷನ್ನಿನಿಂದ ಬರುವ ದಾರಿಗೆ ಮೊದಲ ದೀಪ, ಅಂಗಡಿ ಮುಂದಿನದಕ್ಕೆ ಆಮೇಲೆ. ಕರೆಂಟು ಹೋದಾಗ ಉರಿಯಲು ಅಂಗಡಿಯ ಇನ್ವರ್ಟರಿನಿಂದ ಒಂದು ಸಂಪರ್ಕ ಇರಲಿ, ಮೊಬೈಲ್ ಕಸಿಯುವವರು ಕಾಯುವುದು ಆ ಕತ್ತಲೆಯ ಹೊತ್ತಿಗೇ. ಕುಡಿದು ಬಿದ್ದವರ ಜೇಬಿನಿಂದ ಫೋನು, ದುಡ್ಡು ಎತ್ತುವುದೂ ಇದೇ ಕತ್ತಲೆಯಲ್ಲಿ. ಅಂಥವರು ಮರುದಿನ ನಾಚಿಕೆಗೆ ದೂರು ಕೊಡುವುದಿಲ್ಲ, ಹಾಗಾಗಿ ಠಾಣೆಯ ಪುಸ್ತಕದಲ್ಲಿ ನಿಮ್ಮ ರಸ್ತೆ ಶಾಂತವಾಗಿ ಕಾಣುತ್ತದೆ.

ಆಮ್ಲೆಟ್, ಮಿರ್ಚಿ ಭಜಿ, ಚಿಕನ್ ಪಕೋಡಾ ಬಂಡಿಗಳನ್ನು ಎತ್ತಿಸಿ ಅಂತ ಬಹಳ ಜನ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಅನ್ಯಾಯ, ಉಪಯೋಗವೂ ಕಡಿಮೆ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ, ಏಕಾಏಕಿ ಎಬ್ಬಿಸುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೊಟ್ಟೆಗೆ ಊಟ ಬಿದ್ದರೆ ಅಮಲು ಏರುವುದು ನಿಧಾನವಾಗುತ್ತದೆ, ಬಂಡಿ ಇದ್ದಲ್ಲಿ ನಾಲ್ಕು ಜನರ ಕಣ್ಣಿರುತ್ತದೆ. ಮಾಡಬೇಕಾದದ್ದು ಇಷ್ಟೇ: ಬಂಡಿಗಳು ಅಂಗಡಿಯಿಂದ ಅರವತ್ತು-ಎಪ್ಪತ್ತು ಮೀಟರ್ ದೂರ, ದೀಪದ ಕೆಳಗೆ ಸಾಲಾಗಿ ನಿಲ್ಲಲಿ. ಖಾಲಿ ಗ್ಲಾಸು, ನೀರಿನ ಪಾಕೀಟು ಮಾರಬಾರದು, ಬಾಟಲಿ ತೆರೆದವರಿಗೆ ತಿನ್ನಲು ಕೊಡಬಾರದು. ಅವರನ್ನು ಕೂರಿಸಿ ಮಾತಾಡಿ. ಬಾಟಲಿ ಒಡೆದು ಗಲಾಟೆಯಾದರೆ ಮನೆಮಂದಿ ಗಿರಾಕಿ ಬರುವುದಿಲ್ಲ ಅನ್ನುವುದು ಅವರಿಗೂ ಗೊತ್ತು.

ಬಾರಿನ ಕಥೆ ಬೇರೆ. ಅಲ್ಲಿ ಜಗಳ ಹುಟ್ಟುವ ಜಾಗ ಮೂರು: ಮೂತ್ರಾಲಯದ ಬಾಗಿಲು, ಬಿಲ್ ಕೌಂಟರು, ಮುಚ್ಚುವ ಹೊತ್ತಿನ ಹೊರಬಾಗಿಲು. ಮೂತ್ರಾಲಯದ ದಾರಿ ಎರಡು ಟೇಬಲಿನ ನಡುವೆ ಹಾದುಹೋಗುತ್ತಿದ್ದರೆ ಮೈ ತಾಗುತ್ತದೆ, ಮಾತು ಬೆಳೆಯುತ್ತದೆ. ಆ ಒಂದು ಟೇಬಲ್ ತೆಗೆದು ನಾಲ್ಕಡಿ ದಾರಿ ಬಿಡಲಿ. ಪೆಗ್ ಅಳತೆಯ ಮೇಲೆ ಅನುಮಾನ ಬಂದರೆ ಬಿಲ್ಲಿನಲ್ಲಿ ಜಗಳ. ಮುದ್ರೆಯಿರುವ 30, 60 ಮಿ.ಲೀ. ಅಳತೆಯಲ್ಲಿ ಗಿರಾಕಿಯ ಎದುರೇ ಸುರಿಯಬೇಕು. ಬಿಲ್ಲನ್ನು ಕೊನೆಗೆ ಒಟ್ಟಿಗೆ ಕೊಡುವ ಬದಲು ಪ್ರತಿ ಎರಡನೇ ಆರ್ಡರಿಗೆ ತೋರಿಸಿದರೆ ‘ಇಷ್ಟು ಕುಡಿದಿಲ್ಲ’ ಎಂಬ ತಕರಾರು ಇರುವುದಿಲ್ಲ. 650 ಮಿ.ಲೀ. ಬಿಯರ್ ಬಾಟಲಿ ಹೊಡೆದಾಟದಲ್ಲಿ ಆಯುಧವಾಗುತ್ತದೆ. ಗ್ಲಾಸಿಗೆ ಬಗ್ಗಿಸಿ ಖಾಲಿ ಬಾಟಲಿಯನ್ನು ಆಗಲೇ ಒಯ್ಯಬೇಕು. ಒಂದು ಟೇಬಲ್ ಮೇಲೆ ಖಾಲಿ ಬಾಟಲಿ ಎರಡಕ್ಕಿಂತ ಹೆಚ್ಚು ಎಂದೂ ನಿಲ್ಲಬಾರದು. ಗಾಜಿನ ಗ್ಲಾಸು ಬೇಕೇ ಬೇಕಾದರೆ ಟಫನ್ಡ್ ಗ್ಲಾಸು ತರಲಿ. ಒಡೆದರೆ ಅದು ಚೂರುಚೂರಾಗುತ್ತದೆ, ಚೂಪು ಸೀಳು ಬರುವುದಿಲ್ಲ.

ಸಾಕು ಅನ್ನುವುದನ್ನು ಹೇಳಲು ವೇಟರುಗಳಿಗೆ ಕಲಿಸಬೇಕು. ಏರಿದ ಮೇಲೆ ಹೇಳಿದರೆ ಅವಮಾನವೆನಿಸುತ್ತದೆ. ಮೂರನೇ ಪೆಗ್ಗಿಗೇ ‘ಊಟ ಏನು ಹೇಳಲಿ’ ಅಂತ ಕೇಳಬೇಕು, ನೀರಿನ ಜಗ್ಗು ಕೇಳದೆಯೇ ತುಂಬಬೇಕು. ಮಾತು ತೊದಲಿದವರಿಗೆ ಹೇಳುವುದು ಒಬ್ಬರೇ ಆಗಿರಲಿ, ಪಕ್ಕಕ್ಕೆ ಬಾಗಿ, ಮೆಲ್ಲಗೆ, ಗೆಳೆಯರ ಮುಂದೆ ದನಿ ಎತ್ತದೆ: ‘ಅಣ್ಣಾರ, ಇವತ್ತಿಗೆ ಸಾಕ್ರಿ. ಎರಡು ರೊಟ್ಟಿ ಊಟ ಮಾಡ್ರಿ, ಆಟೋ ನಾ ಕರಸ್ತೀನಿ.’ ಟೇಬಲಿನಲ್ಲಿ ಕಡಿಮೆ ಕುಡಿದ ಗೆಳೆಯನನ್ನು ಗುರುತಿಸಿ ಅವನ ಮೂಲಕ ಹೇಳಿಸಿದರೆ ಇನ್ನೂ ಸಲೀಸು. ಕುತ್ತಿಗೆ ಪಟ್ಟಿ ಹಿಡಿದು ಹೊರಗೆ ದಬ್ಬುವುದು ಎಲ್ಲಕ್ಕಿಂತ ಕೆಟ್ಟದ್ದು. ಒಳಗಿನ ಜಗಳ ನಿಮ್ಮ ರಸ್ತೆಗೆ ಬರುವುದು ಆ ದಾರಿಯಿಂದಲೇ. ಇಬ್ಬರು ಜಗಳಕ್ಕೆ ನಿಂತರೆ ಇಬ್ಬರನ್ನೂ ಒಟ್ಟಿಗೆ ಹೊರಗೆ ಕಳಿಸಬಾರದು. ಒಬ್ಬರನ್ನು ಮುಂಬಾಗಿಲಿನಿಂದ ಆಟೋ ಹತ್ತಿಸಿ, ಹದಿನೈದು ನಿಮಿಷ ಬಿಟ್ಟು ಇನ್ನೊಬ್ಬರನ್ನು ಬಿಡಬೇಕು.

ಮುಚ್ಚುವ ಹೊತ್ತು ಲೈಸೆನ್ಸಿನಲ್ಲಿ ಬರೆದಿರುತ್ತದೆ. ಅದಕ್ಕೆ ಮುಕ್ಕಾಲು ತಾಸು ಮೊದಲೇ ಲಾಸ್ಟ್ ಆರ್ಡರ್ ಕೇಳಿ, ಅರ್ಧ ತಾಸು ಇರುವಾಗ ಹಾಡು ಇಳಿಸಿ ದೀಪ ಏರಿಸಿದರೆ ಜನ ಇಬ್ಬರು ಮೂವರಾಗಿ ಹೊರಡುತ್ತಾರೆ. ಕೊನೆಯ ಐದು ನಿಮಿಷದಲ್ಲಿ ಶಟರ್ ಅರ್ಧ ಎಳೆದು ‘ನಡೀರಿ ನಡೀರಿ’ ಅಂದರೆ ನಲವತ್ತು ಜನ ಒಂದೇ ಸಲ ರಸ್ತೆಗೆ ಬೀಳುತ್ತಾರೆ. ಆಗ ಎರಡು-ಮೂರು ಆಟೋ ಬಾಗಿಲಲ್ಲೇ ಇರಬೇಕು. ರಕ್ತದಲ್ಲಿ 100 ಮಿ.ಲೀ.ಗೆ 30 ಮಿ.ಗ್ರಾಂ ಮೀರಿದರೆ ಮೋಟಾರು ವಾಹನ ಕಾಯ್ದೆ 185ನೇ ಕಲಂ ಅಡಿ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಒಂದು ಕ್ವಾರ್ಟರ್ ಕುಡಿದವರು ಆ ಮಿತಿಯನ್ನು ಎಷ್ಟೋ ದಾಟಿರುತ್ತಾರೆ. ಗಿರಾಕಿಯ ಬೈಕಿನ ಕೀಲಿ ಕೌಂಟರಿನಲ್ಲಿಟ್ಟು ಬೆಳಿಗ್ಗೆ ಕೊಡುವ ವ್ಯವಸ್ಥೆ ಮಾಡಿದ ಬಾರಿನ ಮುಂದೆ ರಾತ್ರಿ ಜಗಳವೂ ಕಡಿಮೆ.

ವಯಸ್ಸಿನ ವಿಷಯ ಒಂದೇ ಮಾತಿನಲ್ಲಿ: ಕರ್ನಾಟಕದಲ್ಲಿ 21 ಎಂದೇ ಹಿಡಿಯಿರಿ. ಅದನ್ನು 18ಕ್ಕಿಳಿಸುವ ಕರಡು 2023ರ ಜನವರಿಯಲ್ಲಿ ಹೊರಟು, ವಿರೋಧದಿಂದ ವಾಪಸಾಯಿತು. ಕಾಲೇಜು ಚೀಲ ಹಾಕಿಕೊಂಡು ಬಂದ ಹುಡುಗರಿಗೆ ಗುರುತಿನ ಚೀಟಿ ಕೇಳದೆ ಕೊಡುತ್ತಿದ್ದರೆ ಅದನ್ನು ದೂರಿನಲ್ಲಿ ಪ್ರತ್ಯೇಕ ಅಂಶವಾಗಿ ಬರೆಯಿರಿ.

ಸಿಸಿಟಿವಿ ಇದೆ ಅಂತ ಇಬ್ಬರೂ ಮಾಲೀಕರು ಹೇಳುತ್ತಾರೆ. ಎಲ್ಲಿಗೆ ಮುಖ ಮಾಡಿದೆ ಅಂತ ಕೇಳಿ. ಸಾಮಾನ್ಯವಾಗಿ ಗಲ್ಲಾಪೆಟ್ಟಿಗೆಗೆ ಎರಡು, ಸ್ಟಾಕಿಗೆ ಒಂದು, ರಸ್ತೆಗೆ ಸೊನ್ನೆ. ಒಂದು ಕ್ಯಾಮೆರಾ ಬಾಗಿಲಿನಲ್ಲಿ ಏಳೆಂಟು ಅಡಿ ಎತ್ತರಕ್ಕೆ, ಬರುವವರ ಮುಖ ನೇರ ಸಿಗುವ ಹಾಗೆ ಇರಬೇಕು. ಹದಿನೈದು ಅಡಿ ಮೇಲೆ ಹಾಕಿದರೆ ತಲೆಗೂದಲು, ಟೋಪಿ ಬಿಟ್ಟು ಏನೂ ಕಾಣುವುದಿಲ್ಲ. ಎರಡು ಹೊರಗೆ, ಕಟ್ಟೆ ಮತ್ತು ಪ್ಲಾಟಿನ ಕಡೆ. ದಿನಕ್ಕೆ 500 ಜನ ಬಂದುಹೋಗುವ ಕಡೆ 2017ರ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆಯಂತೆ ದೃಶ್ಯಾವಳಿ 30 ದಿನ ಉಳಿಸಬೇಕು. ಲೆಕ್ಕ ಹಾಕಿ: 2 ಮೆಗಾಪಿಕ್ಸೆಲ್ಲಿನ ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ಟಿನಂತೆ ದಿನಕ್ಕೆ ಸುಮಾರು 21 ಜಿಬಿ ತುಂಬುತ್ತದೆ. ನಾಲ್ಕು ಕ್ಯಾಮೆರಾಕ್ಕೆ 30 ದಿನಕ್ಕೆ ಎರಡೂವರೆ ಟಿಬಿ ದಾಟುತ್ತದೆ. ಅಂಗಡಿಗಳಲ್ಲಿ ಇರುವುದು 1 ಟಿಬಿ ಡಿಸ್ಕು, ಅದು ಹನ್ನೊಂದು ದಿನಕ್ಕೇ ಹಳೆಯದನ್ನು ಅಳಿಸಲು ಶುರು ಮಾಡುತ್ತದೆ. ಪೊಲೀಸರು ಹದಿನೈದನೇ ದಿನ ಕೇಳಲು ಬಂದಾಗ ಏನೂ ಇರುವುದಿಲ್ಲ. ಇನ್ನೊಂದು, ದೃಶ್ಯ ದಾಖಲಿಸುವ ಪೆಟ್ಟಿಗೆಯ (ಡಿವಿಆರ್) ಗಡಿಯಾರ ಇಪ್ಪತ್ತು ನಿಮಿಷ ಹಿಂದೆ ಮುಂದೆ ಇದ್ದರೆ ಕೋರ್ಟಿನಲ್ಲಿ ಅದೇ ದೊಡ್ಡ ಪ್ರಶ್ನೆಯಾಗುತ್ತದೆ. ಪ್ರತಿ ಸೋಮವಾರ ಫೋನಿನ ಸಮಯಕ್ಕೆ ಹೊಂದಿಸಲಿ. ದೃಶ್ಯದ ಪ್ರತಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು, ಇಲ್ಲದಿದ್ದರೆ ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ.

ಇನ್ನು ದೂರು. ಬರೆಯುವ ಮೊದಲು ಎರಡು ವಾರ ದಾಖಲೆ ಇಡಿ. ಒಂದು ನೂರು ಪುಟದ ನೋಟ್‌ಬುಕ್ ಸಾಕು. ಸಂಜೆ ಆರೂವರೆ, ಎಂಟು, ಒಂಬತ್ತೂವರೆ, ಅಂಗಡಿ ಮುಚ್ಚಿದ ಹದಿನೈದು ನಿಮಿಷಕ್ಕೆ, ಹೀಗೆ ನಾಲ್ಕು ಹೊತ್ತು: ಕಟ್ಟೆಯಲ್ಲಿ ಎಷ್ಟು ಜನ, ಪ್ಲಾಟಿನಲ್ಲಿ ಎಷ್ಟು ಜನ, ಗ್ಲಾಸು ಎಲ್ಲಿಂದ ಬಂತು, ಜಗಳವಾಯಿತೇ, 112ಕ್ಕೆ ಕರೆ ಮಾಡಿದ ಸಮಯ, ವಾಹನ ಬಂದ ಸಮಯ. ಬೆಳಿಗ್ಗೆ ಆರಕ್ಕೆ ಒಡೆದ ಬಾಟಲಿ ಎಣಿಸಿ. ಲೈಸೆನ್ಸಿನ ಸಮಯಕ್ಕೆ ಮೊದಲೇ ಹಿಂದಿನ ಕಿಟಕಿಯಿಂದ ಮಾರುವುದು ಕಂಡರೆ ಅದೂ ಬರಲಿ. ಇದನ್ನು ಮಹಡಿಯಿಂದಲೋ ಗೇಟಿನೊಳಗಿನಿಂದಲೋ ಮಾಡಿ. ಹತ್ತಿರ ಹೋಗಿ ಮುಖದ ಫೋಟೋ ತೆಗೆಯುವುದು, ಕುಡಿದವರ ಜೊತೆ ವಾದಕ್ಕಿಳಿಯುವುದು ಬೇಡವೇ ಬೇಡ. ಒಬ್ಬರ ಹೆಸರಲ್ಲಿ ದೂರು ಹೋದರೆ ಅವರ ಮನೆ ಮುಂದೆ ಮರುದಿನ ಬಾಟಲಿ ಬೀಳಬಹುದು, ಹಾಗಾಗಿ ಹತ್ತು-ಹದಿನೈದು ಮನೆಯವರು ಸಹಿ ಹಾಕಿ.

ಮೂರು ಪತ್ರ ಬೇರೆ ಬೇರೆ ಬರೆಯಿರಿ, ಒಂದೇ ಪತ್ರವನ್ನು ಎಲ್ಲರಿಗೂ ಕೊಟ್ಟರೆ ಪ್ರತಿಯೊಬ್ಬರೂ ಇನ್ನೊಬ್ಬರ ಕೆಲಸವೆಂದು ಬದಿಗಿಡುತ್ತಾರೆ. ಠಾಣೆಯ ಇನ್‌ಸ್ಪೆಕ್ಟರಿಗೆ: ಸಾರ್ವಜನಿಕ ಜಾಗದಲ್ಲಿ ಕುಡಿತ, ಹೊಡೆದಾಟ, ಹೆಣ್ಣುಮಕ್ಕಳಿಗೆ ಆಗುವ ತೊಂದರೆ, ಗಸ್ತಿನ ಸಮಯ. ಕುಡಿದು ಸಾರ್ವಜನಿಕವಾಗಿ ಅನುಚಿತವಾಗಿ ನಡೆದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಮಿನಲ್ಲಿ 24 ತಾಸಿನವರೆಗೆ ಸೆರೆ, 1,000 ರೂಪಾಯಿವರೆಗೆ ದಂಡ ಅಥವಾ ಸಮುದಾಯ ಸೇವೆ ಇದೆ. ಪದೇಪದೇ ಬರುವ ನಾಲ್ಕೈದು ಪುಂಡರಿಂದ ಒಳ್ಳೆಯ ನಡತೆಗೆ ಮುಚ್ಚಳಿಕೆ ಬರೆಸಿಕೊಳ್ಳಲೂ ದಾರಿಯಿದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 129ನೇ ಕಲಂ. ಕಲಬುರಗಿ ನಗರ ಕಮಿಷನರೇಟ್ ವ್ಯಾಪ್ತಿಯಲ್ಲಿದೆ, ಪ್ರತಿಯನ್ನು ಪೊಲೀಸ್ ಆಯುಕ್ತರ ಕಚೇರಿಗೆ ಕೊಡಿ. ಬೀದರ್, ಯಾದಗಿರಿಯವರಾದರೆ ಎಸ್‌ಪಿ ಕಚೇರಿಗೆ. ಎರಡನೇ ಪತ್ರ ವಲಯದ ಅಬಕಾರಿ ನಿರೀಕ್ಷಕರಿಗೆ, ಪ್ರತಿ ಉಪ ಆಯುಕ್ತರಿಗೆ: ಇದರಲ್ಲಿ ಕುಡುಕರ ಮಾತೇ ಬೇಡ, ಲೈಸೆನ್ಸ್ ಷರತ್ತು ಮುರಿದದ್ದು ಮಾತ್ರ ಇರಲಿ. ಅಬಕಾರಿ ಕಾಯ್ದೆಯ 29ನೇ ಕಲಂ ಅಡಿ ಲೈಸೆನ್ಸ್ ಅಮಾನತು, ರದ್ದು ಎರಡಕ್ಕೂ ಅಧಿಕಾರವಿದೆ ಎಂದು ನೆನಪಿಸಿ. ಮೂರನೆಯದು ಪಾಲಿಕೆ ಆಯುಕ್ತರಿಗೆ: ದೀಪ, ಪ್ಲಾಟು, ಕಟ್ಟೆ, ಗಾಜಿನ ಕಸ. ಮೂರಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿ. ಹದಿನೈದು ದಿನದಲ್ಲಿ ಅಲುಗಾಡದಿದ್ದರೆ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲಿ ಅದೇ ಸ್ವೀಕೃತಿಯ ದಿನಾಂಕ ಹೇಳಿ ದೂರು ನೋಂದಾಯಿಸಿ.

ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸು, ಗಣೇಶ ವಿಸರ್ಜನೆ, ಹೋಳಿ, ಇಂಥ ದಿನಗಳಿಗೆ ಬೇರೆ ಅಸ್ತ್ರವಿದೆ. ಶಾಂತಿ ಕಾಪಾಡಲು ಮದ್ಯದಂಗಡಿ ಮುಚ್ಚಿಸುವ ಅಧಿಕಾರ ಅಬಕಾರಿ ಕಾಯ್ದೆಯ 21ನೇ ಕಲಂ ಅಡಿ ಇದೆ. ಮೆರವಣಿಗೆ ನಿಮ್ಮ ರಸ್ತೆಯಲ್ಲಿ ಹಾದುಹೋಗುತ್ತದಾದರೆ ಒಂದು ವಾರ ಮೊದಲೇ, ಶಾಂತಿ ಸಭೆಯಲ್ಲೇ ಕೇಳಿ. ಆದರೆ ಮುಚ್ಚುವ ದಿನದ ಹಿಂದಿನ ಸಂಜೆ ಬಾಕ್ಸ್‌ಗಟ್ಟಲೆ ಖರೀದಿ ನಡೆಯುತ್ತದೆ. ಒಬ್ಬರು ಇಟ್ಟುಕೊಳ್ಳಬಹುದಾದದ್ದು 2.3 ಲೀಟರ್ ಮದ್ಯ, ಅಂದರೆ ಹನ್ನೆರಡು ಕ್ವಾರ್ಟರ್. ಒಂದು ಬಾಕ್ಸಿನಲ್ಲಿ 48 ಕ್ವಾರ್ಟರ್, 8.64 ಲೀಟರ್. ಬಾಕ್ಸು ಹೊತ್ತೊಯ್ಯುವವರು ಮನೆಗೆ ಒಯ್ಯುತ್ತಿಲ್ಲ.

ಅಂಗಡಿ ಎತ್ತಿಸಬೇಕೆಂಬ ಹಠಕ್ಕೆ ಈಗ ಬರುತ್ತೇನೆ. ಅಬಕಾರಿ ಲೈಸೆನ್ಸುಗಳ 1967ರ ಸಾಮಾನ್ಯ ಷರತ್ತುಗಳ ನಿಯಮದಲ್ಲಿ ಶಾಲೆ, ಗುಡಿ-ಮಸೀದಿ, ಆಸ್ಪತ್ರೆ, ಸರ್ಕಾರಿ ಕಚೇರಿ, ಪರಿಶಿಷ್ಟರು ಹೆಚ್ಚಾಗಿರುವ ವಸತಿ ಪ್ರದೇಶದಿಂದ 100 ಮೀಟರ್ ದೂರದ ಮಾತಿದೆ. ಇದನ್ನು ಮೊಬೈಲಿನ ನಕ್ಷೆಯಲ್ಲಿ ನೇರ ಗೆರೆ ಎಳೆದು ಅಳೆಯಬಾರದು. ಅಂಗಡಿ ಬಾಗಿಲಿನ ನಡುಮಧ್ಯದಿಂದ, ಜನ ನಡೆದುಹೋಗುವ ಹತ್ತಿರದ ದಾರಿಯಲ್ಲಿ, ಸಂಸ್ಥೆಯ ಕಾಂಪೌಂಡ್ ಗೇಟಿನ ನಡುಮಧ್ಯದವರೆಗೆ ಟೇಪು ಹಿಡಿದು ಅಳೆಯಬೇಕು. ಗೆರೆಯಲ್ಲಿ 80 ಮೀಟರ್ ಇದ್ದದ್ದು ದಾರಿಯಲ್ಲಿ 115 ಆಗಿ ಅರ್ಜಿ ಬಿದ್ದುಹೋಗುವುದು ಹೀಗೇ. ಹೆದ್ದಾರಿಯ ನೆಪವೂ ನಿಮಗೆ ಒದಗುವುದಿಲ್ಲ. ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಹೇಳಿದ 500 ಮೀಟರ್ ನಿಯಮ, 2017ರ ಮಾರ್ಚಿನಲ್ಲಿ ಚಿಕ್ಕ ಊರುಗಳಿಗೆ 220 ಮೀಟರ್ ಆಯಿತು. ಅದೇ ಜುಲೈಯಲ್ಲಿ, ನಗರಸಭೆ ಮತ್ತು ಪಾಲಿಕೆ ವ್ಯಾಪ್ತಿಯೊಳಗಿನ ಲೈಸೆನ್ಸುಗಳಿಗೆ ಆ ಆದೇಶ ಅಡ್ಡಿಯಲ್ಲವೆಂದು ಕೋರ್ಟೇ ಸ್ಪಷ್ಟಪಡಿಸಿತು. ದೂರದ ನಿಯಮ ನಿಮ್ಮ ಪರ ಇದ್ದರೆ ಅರ್ಜಿ ಹಾಕಿ, ಹೋರಾಡಿ. ಅದರ ಜೊತೆ ಇನ್ನೊಂದನ್ನು ಗಮನದಲ್ಲಿಡಿ: ಲೈಸೆನ್ಸಿನ ಅಂಗಡಿ ಹೋದ ಕಡೆ ಕಿರಾಣಿ ಅಂಗಡಿಯ ಅಕ್ಕಿ ಮೂಟೆ ಹಿಂದೆ ಕ್ವಾರ್ಟರ್ ಇಟ್ಟು ಹತ್ತಿಪ್ಪತ್ತು ರೂಪಾಯಿ ಮೇಲೆ ಮಾರುವುದು ಶುರುವಾಗುತ್ತದೆ. ಯಾದಗಿರಿ, ಕಲಬುರಗಿಯ ಹಳ್ಳಿಗಳ ಹೆಣ್ಣುಮಕ್ಕಳು ವರ್ಷಗಳಿಂದ ಕೂಗಿ ಹೇಳುತ್ತಿರುವುದು ಇದನ್ನೇ. ಅಲ್ಲಿ ಮುಚ್ಚುವ ಹೊತ್ತೂ ಇಲ್ಲ, ವಯಸ್ಸು ಕೇಳುವವರೂ ಇಲ್ಲ, ಕ್ಯಾಮೆರಾವೂ ಇಲ್ಲ. ಹಾಗೆ ಶುರುವಾದದ್ದು ಕಂಡರೆ ಅದು ಅಬಕಾರಿ ಕಾಯ್ದೆಯ 32, 34ನೇ ಕಲಮಿನ ಅಪರಾಧ, ತಡ ಮಾಡದೆ ಠಾಣೆಗೂ ಅಬಕಾರಿಗೂ ತಿಳಿಸಿ.

‘ಹೊರಗಿನದು ನನ್ನದಲ್ಲ’ ಅನ್ನುವ ಮಾಲೀಕರ ಜೊತೆ ಒಮ್ಮೆ ಕುಳಿತು ಮಾತಾಡಿ, ಬೀಟ್ ಪೊಲೀಸರನ್ನೂ ಕರೆದುಕೊಂಡು. ಮಧ್ಯಾಹ್ನ ಹೋಗಿ, ಸಂಜೆ ವ್ಯಾಪಾರದ ಹೊತ್ತಿಗಲ್ಲ. ಕೇಳಬೇಕಾದದ್ದನ್ನು ಕಾಗದದಲ್ಲಿ ಬರೆದೊಯ್ಯಿರಿ: ಗ್ಲಾಸು-ನೀರು ಬಂದ್, ಹಲಗೆ ಕತ್ತರಿಸುವುದು, ಹೊರಗೆ ಎರಡು ಕ್ಯಾಮೆರಾ, ಏಳರಿಂದ ಮುಚ್ಚುವವರೆಗೆ ಸಮವಸ್ತ್ರದ ಒಬ್ಬ ಕಾವಲುಗಾರ, ಬೆಳಿಗ್ಗೆ ಏಳರೊಳಗೆ ಮುಂದಿನ ಮೂವತ್ತು ಮೀಟರ್ ಗಾಜು ಗುಡಿಸುವುದು. ಕಾವಲುಗಾರ ಕುಡಿಯದವನಾಗಿರಲಿ, ಅದೇ ಓಣಿಯವನಾಗದಿರಲಿ. ಪರಿಚಯದವರಿಗೆ ‘ಇಲ್ಲಿ ಬೇಡ’ ಅನ್ನುವುದು ಯಾರಿಗೂ ಕಷ್ಟ. ಗಲಾಟೆಯ ಪುಸ್ತಕವೊಂದನ್ನೂ ಇಡಲು ಹೇಳಿ: ದಿನ, ಸಮಯ, ಏನಾಯಿತು, ಯಾರು ನಿಭಾಯಿಸಿದರು, 112 ಅಥವಾ 108ಕ್ಕೆ ಕರೆದ ಸಮಯ. ಪುಸ್ತಕ ಇಟ್ಟರೆ ತನ್ನ ಮೇಲೇ ಕೇಸಾಗುತ್ತದೆಂದು ಮಾಲೀಕರು ಹೆದರುತ್ತಾರೆ. ವಾಸ್ತವದಲ್ಲಿ ಲೈಸೆನ್ಸಿನ ವಿಚಾರಣೆ ಬಂದಾಗ ತಾನು ಕೈಕಟ್ಟಿ ಕೂತಿರಲಿಲ್ಲ ಎಂದು ತೋರಿಸಲು ಅವರ ಹತ್ತಿರ ಇರುವುದು ಅದೊಂದೇ. ಒಡೆದ ಬಾಟಲಿಗೆ ಮತ್ತೊಂದು ಉಪಾಯವನ್ನು ತಮಿಳುನಾಡು 2022ರಲ್ಲಿ ನೀಲಗಿರಿಯಲ್ಲಿ ಶುರು ಮಾಡಿತು: ಬಾಟಲಿಗೆ 10 ರೂಪಾಯಿ ಹೆಚ್ಚು ತೆಗೆದುಕೊಂಡು, ಖಾಲಿ ತಂದರೆ ವಾಪಸ್ ಕೊಡುವುದು. ಇಲ್ಲಿ ಎಂಆರ್‌ಪಿ ಮೀರುವಂತಿಲ್ಲ, ಆದ್ದರಿಂದ ಖಾಲಿ ಬಾಟಲಿಗೆ ಒಂದೆರಡು ರೂಪಾಯಿ ತಾವೇ ಕೊಟ್ಟು ಕೊಳ್ಳುವಂತೆ ಅಂಗಡಿಯವರನ್ನು ಒಪ್ಪಿಸಬಹುದು, ಗುಜರಿಗೆ ಹಾಕಿದರೆ ಒಂದಿಷ್ಟು ವಾಪಸೂ ಬರುತ್ತದೆ.

ವಾರ್ಡಿನ ಸಭೆಗೋ ಜಿಲ್ಲಾಧಿಕಾರಿಗಳ ಸಭೆಗೋ ಹೋದಾಗ ಇನ್ನೊಂದು ಬೇಡಿಕೆ ಇಡಿ, ಇದು ನಿಮ್ಮ ಓಣಿಯಾಚೆಗೂ ಉಪಯೋಗ. ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊಡೆದಾಟದ ಗಾಯವಾಗಿ ಬಂದವರನ್ನು ನಾಲ್ಕೇ ಪ್ರಶ್ನೆ ಕೇಳುತ್ತಾರೆ: ಎಲ್ಲಿ ಆಯಿತು, ಯಾವ ದಿನ, ಎಷ್ಟು ಹೊತ್ತಿಗೆ, ಯಾವುದರಿಂದ ಹೊಡೆದರು. ಹೆಸರು ತೆಗೆದು ಆ ಮಾಹಿತಿಯನ್ನು ಪೊಲೀಸರಿಗೆ, ನಗರಾಡಳಿತಕ್ಕೆ ಕೊಡುತ್ತಾರೆ. ಠಾಣೆಗೆ ಬಾರದ ಹೊಡೆದಾಟಗಳೆಲ್ಲ ಅದರಿಂದ ಬೆಳಕಿಗೆ ಬಂದು, ಯಾವ ಬಾರಿನ ಮುಂದೆ ಯಾವ ಹೊತ್ತಿಗೆ ಪೊಲೀಸರು ನಿಲ್ಲಬೇಕೆಂದು ತಿಳಿಯುತ್ತದೆ. ಅಲ್ಲಿ ಇದರಿಂದ ಆಸ್ಪತ್ರೆಗೆ ಸೇರುವ ಮಟ್ಟದ ಗಾಯಗಳು ಇಳಿದವೆಂದು ಅಧ್ಯಯನಗಳು ತೋರಿಸಿವೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ತುರ್ತು ವಿಭಾಗದಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಬರೆಯುವಾಗ ಇದೇ ನಾಲ್ಕು ಅಂಶ ಪ್ರತ್ಯೇಕ ಹಾಳೆಗೆ ಇಳಿಸಲು ಹೆಚ್ಚು ಖರ್ಚಿಲ್ಲ.

ದಿನಾಂಕದ ಲೆಕ್ಕ ತಪ್ಪಿಸಿಕೊಳ್ಳಬೇಡಿ. ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ, ಲೈಸೆನ್ಸ್ ನವೀಕರಣದ ಕಡತ ಅದಕ್ಕೆ ಮೊದಲೇ ಓಡಾಡುತ್ತದೆ. ನಿಮ್ಮ ಎರಡು ವಾರದ ನೋಟ್‌ಬುಕ್ಕಿನ ಪ್ರತಿ, ಮೂರು ಪತ್ರಗಳ ಸ್ವೀಕೃತಿ, ಮಾಹಿತಿ ಹಕ್ಕಿನಲ್ಲಿ ಬಂದ ನಕ್ಷೆ, ಮಾಲೀಕರ ಜೊತೆ ಮಾತಾಡಿದ ದಿನ ಮತ್ತು ಅವರು ಒಪ್ಪಿದ್ದೇನು, ಮಾಡಿದ್ದೇನು ಎಂಬ ಒಂದು ಪುಟ, ಇಷ್ಟನ್ನು ಹೊಲಿದು ಏಪ್ರಿಲ್ ಕೊನೆಯೊಳಗೆ ಅಬಕಾರಿ ಉಪ ಆಯುಕ್ತರ ಕಚೇರಿಗೆ ಕೊಡಿ. ಆಗ ಕೇಳುವ ಷರತ್ತಿಗೆ ಇರುವ ತೂಕ ಜುಲೈಯಲ್ಲಿ ಕೇಳಿದರೆ ಇರುವುದಿಲ್ಲ.